ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಶೇಕ್ ಆಗುತ್ತಿದೆ. ಬೇರಿಂಗ್, ರಬ್ಬರ್ ಎರಡೂ ಹೊಸದು. ಇನ್ನೇನಿರಬಹುದು?

ಶರಾವತಿ ಸವಾರ

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಾಗರದ ಹತ್ತಿರ. ಬೈಕು 150 ಸಿಸಿ, ಹಿಂದೆ ಡ್ರಮ್ ಬ್ರೇಕ್, 40 ಸಾವಿರ ಕಿ.ಮೀ. ದಾಟಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನಿಂದ ಕಟಕಟ ಸದ್ದು ಶುರುವಾಯಿತು. ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ, ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟರೆ ಜಾಸ್ತಿ.

ಗ್ಯಾರೇಜಿಗೆ ಬಿಟ್ಟೆ. ಚೈನ್ ಸೆಟ್, ಸ್ಪ್ರಾಕೆಟ್ಟನ್ನು ಚಕ್ರಕ್ಕೆ ಸೇರಿಸುವ ಕಪ್ಲಿಂಗಿನ ರಬ್ಬರ್, ಸ್ಪ್ರಾಕೆಟ್ ಕಡೆಯ ಬೇರಿಂಗ್ ಮೂರೂ ಹೊಸದು ಹಾಕಿ ಕೊಟ್ಟರು. ಸ್ವಲ್ಪ ದಿನ ಸದ್ದಿರಲಿಲ್ಲ. ಈಗ ಮತ್ತೆ ಬಂದಿದೆ, ಜೊತೆಗೆ ಚೈನ್ ಒಂದು ಕಡೆ ಉಜ್ಜಿದ ಹಾಗೆ ಸರಸರ ಅನ್ನುತ್ತದೆ. ಸ್ಟ್ಯಾಂಡ್ ಹಾಕಿ ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿದರೆ ಶೇಕ್ ಗೊತ್ತಾಗುತ್ತದೆ. ಗ್ಯಾರೇಜಿನವರು "ಅಷ್ಟು ಪ್ಲೇ ಇರಲೇಬೇಕು ಸಾರ್" ಅಂತಾರೆ. ನಿಜವಾ?

ಸುಮ್ನೆ ಸುತ್ತಾಟ

ರಬ್ಬರ್ ಹೋಗಿದೆ. ಬದಲಾಯಿಸಿ.

ಶರಾವತಿ ಸವಾರ

ಮೇಲೆ ಬರೆದಿದ್ದೀನಲ್ಲ, ಈಗಷ್ಟೇ ಹಾಕಿಸಿದ್ದು.

ಸುಮ್ನೆ ಸುತ್ತಾಟ

ಹಾಗಾದ್ರೆ ಲೋಕಲ್ ರಬ್ಬರ್ ಹಾಕಿದ್ದಾರೆ. ಕಂಪನಿದು ಹಾಕಿಸಿ.

ಲೇತ್ ಮೇಷ್ಟ್ರು

ಪಾರ್ಟ್ಸ್ ತರುವುದು ಆಮೇಲಿರಲಿ. ಮೊದಲು ಸ್ಪ್ರಾಕೆಟ್ ಯಾವ ದಿಕ್ಕಿಗೆ ಅಲುಗಾಡುತ್ತಿದೆ ಅಂತ ಹೇಳಿ. ಸುಮ್ನೆ "ಶೇಕ್ ಇದೆ" ಅಂದರೆ ನಾಲ್ಕು ಜನ ನಾಲ್ಕು ಪಾರ್ಟ್ ಹೆಸರು ಹೇಳುತ್ತಾರೆ, ದುಡ್ಡು ನಿಮ್ಮದು.

ಚಕ್ರವನ್ನು ಗಟ್ಟಿಯಾಗಿ ಹಿಡಿದು ಸ್ಪ್ರಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ. ಸ್ವಲ್ಪ ತಿರುಗಿ, ಒತ್ತಿದಂತೆ ಗಟ್ಟಿಯಾಗಿ, ಬಿಟ್ಟರೆ ವಾಪಸ್ ಬಂದರೆ ರಬ್ಬರ್ ಚೆನ್ನಾಗಿದೆ. ಅದರ ಕೆಲಸವೇ ಅದು, ಎಂಜಿನ್ನಿನ ಎಳೆತ ಚಕ್ರದ ನಡುವಿನ ಹಬ್ಬಿಗೆ ನೇರವಾಗಿ ಬಡಿಯದ ಹಾಗೆ ತಡೆಯುವುದು. ಒಂದಿಷ್ಟು ದೂರ ಯಾವ ತಡೆಯೂ ಇಲ್ಲದೆ ಹೋಗಿ ಟಕ್ ಅಂತ ನಿಂತರೆ ರಬ್ಬರ್ ಸವೆದಿದೆ, ಇಲ್ಲವೇ ಕಲ್ಲಾಗಿದೆ. ಸವೆದದ್ದಾದರೆ ಕಪ್ಲಿಂಗ್ ಬಿಚ್ಚಿದಾಗ ಒಳಗೆ ಕಪ್ಪು ಪುಡಿ ಸಿಗುತ್ತದೆ.

ಇನ್ನೊಂದು, ಸ್ಪ್ರಾಕೆಟ್ಟಿನ ಮೇಲಂಚು ಕೆಳಗಂಚು ಹಿಡಿದು ಒಂದನ್ನು ಒಳಕ್ಕೆ, ಇನ್ನೊಂದನ್ನು ಹೊರಕ್ಕೆ ತಳ್ಳುವುದು. ಹೀಗೆ ವಾಲಿದರೆ ರಬ್ಬರಿಗೂ ಅದಕ್ಕೂ ಸಂಬಂಧ ಕಮ್ಮಿ. ಬೇರಿಂಗ್, ಬೇರಿಂಗ್ ಕೂರುವ ಜಾಗ, ಅಥವಾ ಒಳಗಿನ ಬುಷ್ (ಆಕ್ಸಲ್ ತೂರುವ ಸಣ್ಣ ಕೊಳವೆ) ಇದರಲ್ಲಿ ಯಾವುದೋ ಒಂದು ಸರಿಯಿಲ್ಲ. ನೀವು ಹೇಳುತ್ತಿರುವ ಸರಸರ ಸದ್ದು ಇದಕ್ಕೇ ಹೊಂದುತ್ತದೆ. ಸ್ಪ್ರಾಕೆಟ್ ವಾಲಿದಾಗ ಚೈನಿನ ಒಳ ಪಟ್ಟಿ ಹಲ್ಲಿನ ಪಕ್ಕಕ್ಕೆ ಉಜ್ಜುತ್ತದೆ. ಹಲ್ಲಿನ ಪಕ್ಕ ಒಂದೇ ಕಡೆ ಹೊಳೆಯುತ್ತಿದೆಯಾ ನೋಡಿ.

ಕೊನೆಗೆ ಟಯರಿನ ಮೇಲೂ ಕೆಳಗೂ ಹಿಡಿದು ಇಡೀ ಚಕ್ರವನ್ನೇ ಅಲ್ಲಾಡಿಸಿ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ಕವಲು) ನಿಂತಲ್ಲೇ ಇದ್ದು ಚಕ್ರ ಮಾತ್ರ ಆಡಿದರೆ ಹಬ್ ಬೇರಿಂಗ್. ಸ್ವಿಂಗ್ ಆರ್ಮೂ ಜೊತೆಗೇ ಆಡಿದರೆ ಅದರ ಬುಷ್. ಒಬ್ಬರೇ ಮಾಡಿದರೆ ಗೊತ್ತಾಗುವುದಿಲ್ಲ. ಇನ್ನೊಬ್ಬರು ಸ್ವಿಂಗ್ ಆರ್ಮಿನ ತುದಿಗೂ ಆಕ್ಸಲಿಗೂ ಸೇರಿಸಿ ಬೆರಳಿಟ್ಟುಕೊಂಡಿರಲಿ. ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ.

ಎರಡು ಎಚ್ಚರಿಕೆ. ಚೈನ್ ಬಿಗಿಯಾಗಿದ್ದರೆ ಅದೇ ಸ್ಪ್ರಾಕೆಟ್ಟನ್ನು ಹಿಡಿದುಕೊಂಡು ಪ್ಲೇ ಮುಚ್ಚಿಡುತ್ತದೆ. ಚೈನಿನ ಲಾಕ್ ತೆಗೆದು ಕೆಳಗಿಳಿಸಿ ನೋಡಿ. ಮತ್ತೆ, ಈ ಪರೀಕ್ಷೆಯೆಲ್ಲ ಆಕ್ಸಲ್ ನಟ್ ಪೂರ್ತಿ ಬಿಗಿಯಾಗಿರುವಾಗಲೇ ಮಾಡಬೇಕು. ಚಕ್ರ ಬಿಚ್ಚಿ ನೆಲಕ್ಕೆ ಹಾಕಿ ಸ್ಪ್ರಾಕೆಟ್ ಅಲ್ಲಾಡಿಸಿದರೆ ಹೊಸ ಬೈಕಿನದೂ ಅಲ್ಲಾಡುತ್ತದೆ. ಆಗ ಅದು ಬರೀ ಒಂದು ಬೇರಿಂಗ್, ನಾಲ್ಕು ರಬ್ಬರಿನ ಮೇಲೆ ಕೂತಿರುತ್ತದೆ ಅಷ್ಟೆ. ಅದನ್ನು ನೋಡಿ ಗಾಬರಿಯಾಗಿ ಎಲ್ಲ ಬದಲಾಯಿಸಿದವರು ನಮ್ಮ ಅಂಗಡಿಗೆ ಬೇಕಾದಷ್ಟು ಜನ ಬಂದಿದ್ದಾರೆ.

ಎರೆಮಣ್ಣು ಎಕ್ಸ್‌ಪ್ರೆಸ್

ಮೇಷ್ಟ್ರೇ ಚಲೋ ಹೇಳಿದ್ರಿ. ನಮ್ಮ ಧಾರವಾಡದ ಕಡೆ ಎರೆಮಣ್ಣಿನ ದಾರಿಯಲ್ಲಿ ಹೋಗಿ ಬಂದರೆ ಚೈನ್ ಕವರ್ ತುಂಬಾ ಕೆಸರು. ಸೀದಾ ವಾಟರ್ ಸರ್ವಿಸ್‌ಗೆ ಒಯ್ಯುತ್ತೇವೆ. ಅವರು ಗನ್ ಹಿಡಿದು ಸ್ಪ್ರಾಕೆಟ್ಟಿನ ನಡುವಿಗೇ ನೀರು ಹೊಡೆಯುತ್ತಾರೆ. ಆ ಪ್ರೆಷರಿಗೆ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ, ಗ್ರೀಸ್ ತೊಳೆದು ಹೋಗುತ್ತದೆ. ಆಮೇಲೆ ಸೀಲಿನ ಸುತ್ತ ಕೆಂಪು ಪುಡಿ ಕಾಣಿಸಿತು ಅಂದರೆ ಆ ಬೇರಿಂಗ್ ಕಥೆ ಮುಗೀತು ಅಂತಲೇ ಲೆಕ್ಕ. ನಾನು ಈಗ ಬಕೆಟ್ ನೀರು, ಹಳೇ ಬ್ರಷ್ ಅಷ್ಟೇ ರೀ.

ರಬ್ಬರ್ ಲೂಸ್ ಆದರೆ ನಮ್ಮಲ್ಲಿ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸಂದಿಗೆ ತುರುಕುತ್ತಾರೆ. ಖರ್ಚೇ ಇಲ್ಲ. ಇದು ನಡೆಯುತ್ತದೋ ಇಲ್ಲವೋ?

ಲೇತ್ ಮೇಷ್ಟ್ರು

ಊರು ಮುಟ್ಟಲು ನಡೆಯುತ್ತದೆ. ಮಾಮೂಲಿಗೆ ಬೇಡ. ಟ್ಯೂಬ್ ತೆಳ್ಳಗಿರುತ್ತದೆ, ಬೇಗ ಹಿಂಡಿಹೋಗಿ ಮತ್ತೆ ಅದೇ ಟಕ್. ಕೆಲವರು ಇನ್ನೊಂದು ಅತಿಗೆ ಹೋಗಿ ಕಪ್ಲಿಂಗ್ ಕೂರಲಾರದಷ್ಟು ತುರುಕಿ, ಮ್ಯಾಲೆಟ್ಟಿನಲ್ಲಿ ಹೊಡೆದು ಕೂರಿಸುತ್ತಾರೆ. ಆಗ ಕಪ್ಲಿಂಗ್ ನೇರ ಕೂರುವುದಿಲ್ಲ, ರಬ್ಬರ್ ಉಳಿಸಿದ ದುಡ್ಡು ಬೇರಿಂಗಿಗೆ ಹೋಗುತ್ತದೆ. ರಬ್ಬರ್ ಸೆಟ್ಟಿಗೆ ಅಂಥ ದೊಡ್ಡ ರೇಟೇನಿಲ್ಲ, ಹೊಸದೇ ಹಾಕಿ.

ಗೇರ್ ಗೌಡ್ರು

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನದು 350 ಸಿಸಿ. ಫಸ್ಟ್ ಗೇರಿನಲ್ಲಿಟ್ಟು ಚಕ್ರ ಹಿಂದೆ ಮುಂದೆ ಅಲ್ಲಾಡಿಸಿದರೆ ಸುಮಾರು ಎರಡು ಬೆರಳಗಲ ತಿರುಗುತ್ತದೆ. ಇದೂ ಸ್ಪ್ರಾಕೆಟ್ ಪ್ಲೇನಾ?

ಲೇತ್ ಮೇಷ್ಟ್ರು

ಅಲ್ಲ. ಗೇರಿನಲ್ಲಿದ್ದಾಗ ಗೇರ್ ಬಾಕ್ಸಿನ ಪ್ಲೇ, ಚೈನಿನ ಸಡಿಲ, ರಬ್ಬರಿನ ಪ್ಲೇ ಎಲ್ಲ ಸೇರಿ ಟಯರಿನ ಅಂಚಿನಲ್ಲಿ ದೊಡ್ಡದಾಗಿ ಕಾಣುತ್ತದೆ. ನ್ಯೂಟ್ರಲ್ ಮಾಡಿ, ಸ್ಪ್ರಾಕೆಟ್ಟಿನ ಬೋಲ್ಟ್ ಪಕ್ಕ ಹಬ್ಬಿನವರೆಗೂ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯಿರಿ. ಆಮೇಲೆ ಚಕ್ರ ಹಿಡಿದು ಸ್ಪ್ರಾಕೆಟ್ ತಿರುಗಿಸಿ. ಗೆರೆ ಎಷ್ಟು ಮುರಿಯುತ್ತದೋ ಅಷ್ಟು ಮಾತ್ರ ರಬ್ಬರಿನ ಪಾಲು.

ಶರಾವತಿ ಸವಾರ

ಮೇಷ್ಟ್ರೇ, ತಮ್ಮನನ್ನು ಕೂರಿಸಿಕೊಂಡು ನೀವು ಹೇಳಿದ್ದೆಲ್ಲ ಮಾಡಿದೆ.

ತಿರುಗಿಸಿದರೆ ಪ್ಲೇ ಇಲ್ಲವೆನ್ನುವಷ್ಟು ಕಮ್ಮಿ, ರಬ್ಬರ್ ಗಟ್ಟಿ ಹಿಡಿದಿದೆ. ಚಕ್ರ ಹಿಡಿದು ಆಡಿಸಿದರೆ ಏನೂ ಇಲ್ಲ. ಸ್ವಿಂಗ್ ಆರ್ಮ್ ಕೂಡ ಸರಿ. ಆದರೆ ಚೈನ್ ಇಳಿಸಿ ಸ್ಪ್ರಾಕೆಟ್ ಮೇಲೆ ಕೆಳಗೆ ಹಿಡಿದರೆ ಹಲ್ಲಿನ ತುದಿ ಚೆನ್ನಾಗಿ ವಾಲುತ್ತದೆ. ಸ್ವಿಂಗ್ ಆರ್ಮಿಗೆ ಒಂದು ಕಬ್ಬಿಣದ ತಂತಿ ಸುತ್ತಿ, ಅದರ ತುದಿಯನ್ನು ಹಲ್ಲಿನ ಪಕ್ಕಕ್ಕೆ ತಾಗಿಯೂ ತಾಗದ ಹಾಗೆ ಬಗ್ಗಿಸಿ ನೋಡಿದೆ. ಎರಡು ಮಿ.ಮೀ. ಮೇಲೇ ಇದೆ, ಕಮ್ಮಿ ಇಲ್ಲ. ಚೈನ್ ಪಟ್ಟಿಯ ಒಳಗಡೆ, ಎಂಜಿನ್ ಕಡೆಯ ಬದಿ ಮಾತ್ರ, ಆಗಲೇ ಬೆಳ್ಳಗೆ ಉಜ್ಜಿದೆ.

ಒಂದು ವಿಚಿತ್ರ ಇದೆ. ನೀವು ಹೇಳಿದಂತೆ ಪರೀಕ್ಷೆಗೆ ಮೊದಲು ನಟ್ ಬಿಗಿ ಮಾಡಲು ಹೋದರೆ ಅದು ಸುಮಾರು ಸಡಿಲ ಇತ್ತು. ಸ್ಪ್ಲಿಟ್ ಪಿನ್ ಮಾತ್ರ ಹಾಕಿದ್ದರು. ಪೂರ್ತಿ ಬಿಗಿ ಮಾಡಿದೆ, ವಾಲುವುದು ಸ್ವಲ್ಪ ಕಮ್ಮಿಯಾಯಿತು, ಆದರೆ ಚಕ್ರ ತಿರುಗುವುದೇ ಕಷ್ಟ. ಕೈಯಲ್ಲಿ ತಳ್ಳಿದರೆ ಅರ್ಧ ಸುತ್ತಿಗೇ ನಿಲ್ಲುತ್ತದೆ. ಅರ್ಧ ಸುತ್ತು ಸಡಿಲ ಮಾಡಿದರೆ ಮತ್ತೆ ಆರಾಮಾಗಿ ತಿರುಗುತ್ತದೆ. ಬ್ರೇಕ್ ಶೂ ಹಿಡಿಯುತ್ತಿದೆಯಾ ಅಂತ ರಾಡ್ ಪೂರ್ತಿ ಬಿಟ್ಟು ನೋಡಿದೆ, ಅದಲ್ಲ.

ಲೇತ್ ಮೇಷ್ಟ್ರು

ಸಿಕ್ಕಿತು ಅನಿಸುತ್ತದೆ. ಕಪ್ಲಿಂಗ್ ಒಳಗಿನ ಬುಷ್ ಹಾಕಿಲ್ಲ. ಚಕ್ರ ಬಿಚ್ಚುವವರೆಗೂ ಬೈಕ್ ಓಡಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ಆಕ್ಸಲ್ ನಟ್ ಬಿಗಿ ಮಾಡುವುದು ಬರೀ ಚಕ್ರ ಬೀಳದಿರಲಿ ಅಂತಲ್ಲ. ಎಡಗಡೆಯ ಸ್ವಿಂಗ್ ಆರ್ಮಿನಿಂದ ಶುರು ಮಾಡಿ: ಹೊರಗಿನ ಕಾಲರ್, ಕಪ್ಲಿಂಗ್ ಬೇರಿಂಗಿನ ಒಳ ರಿಂಗು, ಒಳಗಿನ ಬುಷ್, ಹಬ್ಬಿನ ಎಡ ಬೇರಿಂಗಿನ ಒಳ ರಿಂಗು, ಹಬ್ ಒಳಗಿನ ಉದ್ದ ಪೈಪು, ಬಲ ಬೇರಿಂಗಿನ ಒಳ ರಿಂಗು, ಬ್ರೇಕ್ ಪ್ಲೇಟು, ಆಚೆ ಕಡೆಯ ಸ್ವಿಂಗ್ ಆರ್ಮು. ಇಷ್ಟೂ ಒಂದಕ್ಕೊಂದು ಒತ್ತಿ ನಿಂತು ಒಂದೇ ಕಂಬವಾಗಬೇಕು. ಚಕ್ರ ಆ ಕಂಬದ ಸುತ್ತ ತಿರುಗುತ್ತದೆ. ಎಲ್ಲ ಸರಿಯಾಗಿದ್ದರೆ ನಟ್ ಎಷ್ಟೇ ಬಿಗಿ ಮಾಡಿದರೂ ಚಕ್ರ ಬಿಗಿಯಾಗುವುದಿಲ್ಲ.

ನಡುವೆ ಒಂದು ತುಂಡು ಇಲ್ಲ ಅಂದುಕೊಳ್ಳಿ. ನಟ್ ಬಿಗಿಯುತ್ತಾ ಹೋದಂತೆ ಹೊರಗಿನ ಕಾಲರ್ ಬೇರಿಂಗಿನ ಒಳ ರಿಂಗನ್ನು ಚಕ್ರದ ಕಡೆಗೆ ತಳ್ಳುತ್ತದೆ. ಆ ಕಡೆ ಅದಕ್ಕೆ ಆಧಾರವಿಲ್ಲ. ಹೊರ ರಿಂಗು ಕಪ್ಲಿಂಗಿನಲ್ಲಿ ಕೂತಿದೆ, ಕಪ್ಲಿಂಗ್ ರಬ್ಬರಿಗೆ ಒತ್ತಿ ನಿಂತಿದೆ. ಅಂದರೆ ಪೂರ್ತಿ ಒತ್ತಡ ಗುಂಡುಗಳ ಮೇಲೆ ಅಡ್ಡಡ್ಡ. ಅದಕ್ಕೇ ಚಕ್ರ ಹಿಡಿಯುತ್ತದೆ. "ಚಕ್ರ ಟೈಟ್ ಆಗುತ್ತಿದೆ" ಅಂತ ಗ್ಯಾರೇಜಿನವರು ನಟ್ ಸಡಿಲ ಬಿಟ್ಟು ಪಿನ್ ಹಾಕಿ ಕೊಟ್ಟಿದ್ದಾರೆ. ಆಗ ಸ್ಪ್ರಾಕೆಟ್ ವಾಲುತ್ತದೆ. ಒಂದೇ ದೋಷ, ಎರಡು ವೇಷ.

ಹಬ್ ಒಳಗಿನ ಉದ್ದ ಪೈಪ್ ಬಿಟ್ಟಿದ್ದರೂ ಚಕ್ರ ಹೀಗೇ ಬಿಗಿಯಾಗುತ್ತದೆ. ಆದರೆ ನಿಮ್ಮವರು ಹಬ್ ಬೇರಿಂಗ್ ಮುಟ್ಟಿಲ್ಲ, ಕಪ್ಲಿಂಗ್ ಬೇರಿಂಗ್ ಮಾತ್ರ ಬದಲಾಯಿಸಿದ್ದಾರೆ. ಕೈ ಹೋದ ಕಡೆ ಮೊದಲು ಹುಡುಕಬೇಕು.

ಬೋಲ್ಟ್ ಬಸಪ್ಪ

ಬುಷ್ ಇದ್ದೂ ಹೀಗೆ ವಾಲಬಹುದು ಅಲ್ವಾ? ನನ್ನ ಬೈಕಿನಲ್ಲಿ ಬೇರಿಂಗ್ ಕೂರುವ ಜಾಗವೇ ಸವೆದಿತ್ತು. ಹೊಸ ಬೇರಿಂಗ್ ಸುತ್ತಿಗೆಯೇ ಬೇಡ, ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಯಿತು. ಹಳೇ ಬೇರಿಂಗ್ ಜಾಮ್ ಆಗಿ ಹೊರ ರಿಂಗು ಅಲ್ಯೂಮಿನಿಯಮ್ಮಿನೊಳಗೆ ಗಿರಗಿರ ತಿರುಗಿಬಿಟ್ಟಿತ್ತು. ಮೆಕ್ಯಾನಿಕ್ ಒಳಗಡೆ ಸುತ್ತಲೂ ಪಂಚ್ ಹೊಡೆದು ಬೇರಿಂಗ್ ಕೂರಿಸಿದರು. ಒಂದು ಮಳೆಗಾಲಕ್ಕೇ ಮತ್ತೆ ಲೂಸ್.

ಲೇತ್ ಮೇಷ್ಟ್ರು

ಖಂಡಿತ ಆಗುತ್ತದೆ ಬಸಪ್ಪನವರೇ. ಆದರೆ ಹಾಗಾದಾಗ ನಟ್ ಬಿಗಿ ಮಾಡಿದರೆ ಚಕ್ರ ಹಿಡಿಯುವುದಿಲ್ಲ, ವಾಲುವುದು ಹಾಗೇ ಇರುತ್ತದೆ. ಇವರದ್ದು ಹಿಡಿಯುತ್ತಿದೆ. ಅದೇ ವ್ಯತ್ಯಾಸ.

ಪಂಚ್ ಹೊಡೆಯುವುದು ನನಗೆ ಯಾವತ್ತೂ ಸೇರುವುದಿಲ್ಲ. ನಾಲ್ಕಾರು ಚೂಪು ತುದಿಗಳ ಮೇಲೆ ಬೇರಿಂಗ್ ನಿಲ್ಲುತ್ತದೆ, ಅವು ಮೆತ್ತಗಾದರೆ ಮುಗಿಯಿತು. ಸವೆತ ಕೂದಲೆಳೆಯಷ್ಟಿದ್ದರೆ ಬೇರಿಂಗ್ ಕೂರಿಸುವ ಲಾಕ್‌ಟೈಟ್ ಅಂಟು ಬರುತ್ತದೆ, ಬೋಲ್ಟಿಗೆ ಹಾಕುವ ಥರದ್ದಲ್ಲ. ಎರಡೂ ಕಡೆ ಪೆಟ್ರೋಲಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ ಹಾಕಿದರೆ ನಿಲ್ಲುತ್ತದೆ. ಜಾಸ್ತಿ ಸವೆದಿದ್ದರೆ ಲೇತಿನಲ್ಲಿ ಬೋರ್ ಮಾಡಿಸಿ ರಿಂಗ್ ಹಾಕಿಸಬಹುದು, ಆದರೆ ಕಪ್ಲಿಂಗಿನಲ್ಲಿ ಅಷ್ಟು ದಪ್ಪ ಉಳಿದಿರಬೇಕು. ನಾನು ಲೇತ್‌ನವನೇ ಆದರೂ ಹೇಳುತ್ತೇನೆ, ಹೊಸ ಕಪ್ಲಿಂಗ್ ಸಿಗುವ ಹಾಗಿದ್ದರೆ ಅದನ್ನೇ ತನ್ನಿ.

ಯೆಜ್ಡಿ ಮೈಸೂರು

ಇದನ್ನೆಲ್ಲ ಓದುತ್ತಾ ನಮ್ಮ ಹಳೇ ಯೆಜ್ಡಿ ಬೈಕ್ ನೆನಪಾಯಿತು. ಅದರಲ್ಲಿ ಆಕ್ಸಲ್ ಎಳೆದು ಹಿಂದಿನ ಚಕ್ರ ತೆಗೆದರೆ ಸ್ಪ್ರಾಕೆಟ್, ಚೈನ್, ಚೈನ್ ಕವರ್ ಎಲ್ಲ ಸ್ವಿಂಗ್ ಆರ್ಮಿನಲ್ಲೇ ಉಳಿಯುತ್ತವೆ. ಪಂಕ್ಚರ್ ಆದರೆ ಚೈನ್ ಮುಟ್ಟುವುದೇ ಬೇಡ. ಚಕ್ರದ ಅಡ್ಡಿಯಿಲ್ಲದೆ ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿದರೆ ಅದರ ಬೇರಿಂಗ್ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗಿನ ಸಣ್ಣ ಬೈಕುಗಳಲ್ಲಿ ಇಂಥ ಅನುಕೂಲ ಯಾಕೆ ಕೊಡುವುದಿಲ್ಲವೋ. ವಿಷಯಾಂತರ ಅಂತ ಬೈಯಬೇಡಿ.

ಶರಾವತಿ ಸವಾರ

ಬಿಚ್ಚಿದೆ. ಮೇಷ್ಟ್ರು ಹೇಳಿದ್ದೇ ನಿಜ.

ಚಕ್ರದಿಂದ ಕಪ್ಲಿಂಗ್ ಎಳೆದು ಹಿಂದಿನಿಂದ ನೋಡಿದರೆ ಬೇರಿಂಗಿನ ತೂತು ಬರಿದು. ಹೊರಗಿನ ಕಾಲರಿನ ಮೂತಿ ಒಂದೆರಡು ನೂಲಿನಷ್ಟು ಮಾತ್ರ ಬೇರಿಂಗಿನೊಳಗೆ ಬಂದಿದೆ. ಕಪ್ಲಿಂಗ್ ಅಷ್ಟರ ಮೇಲೇ ನೇತಾಡುತ್ತಿತ್ತು. ಬೇರಿಂಗ್ ಮೇಲೆ 6204 ಅಂತ ಇದೆ, ಒಳ ತೂತು 20 ಮಿ.ಮೀ. ಆಕ್ಸಲ್ 15 ಮಿ.ಮೀ. ಮಧ್ಯದ ಜಾಗಕ್ಕೆ ಏನೋ ಒಂದು ಇರಲೇಬೇಕಲ್ಲ!

ಗ್ಯಾರೇಜಿಗೆ ಹೋಗಿ ಜಗಳ ಮಾಡದೆ ಹಳೇ ಬೇರಿಂಗ್ ಇದೆಯಾ ಅಂತ ಕೇಳಿದೆ. ಹುಡುಗ ಗುಜರಿ ಡಬ್ಬಿ ತಂದು ನನ್ನ ಮುಂದೆ ಸುರಿದ. ಹುಡುಕಿದರೆ ನನ್ನ ಬೇರಿಂಗ್ ಸಿಕ್ಕಿತು. ಅದರ ಹೊಟ್ಟೆಯಲ್ಲೇ ಬುಷ್! ತುಕ್ಕು ಹಿಡಿದು ಒಳ ರಿಂಗಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ನೋಡಿದವರಿಗೆ ಅದೂ ಬೇರಿಂಗಿನದೇ ಭಾಗ ಅನಿಸುತ್ತದೆ. ಒಂದು ತುದಿಯಲ್ಲಿ ಟೋಪಿಯ ಅಂಚಿನ ಹಾಗೆ ಅಗಲ ಬಳೆ, ಹಬ್ ಬೇರಿಂಗಿಗೆ ತಾಗುವ ಮುಖ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಗ್ಯಾರೇಜಿನ ಯಜಮಾನರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಸುಮ್ಮನಾದರು. ಸೀಮೆಎಣ್ಣೆಯಲ್ಲಿ ನೆನೆಸಿ, ಸಾಕೆಟ್ ಇಟ್ಟು ಹೊಡೆದು ಬುಷ್ ಬಿಡಿಸಿ ಕೊಟ್ಟರು.

ಈಗ ಹೊಸ ಬೇರಿಂಗ್ ಕೂಡ ಬೆರಳಲ್ಲಿ ತಿರುಗಿಸಿದರೆ ಗರಗರ ಅನ್ನುತ್ತಿದೆ. ಅದನ್ನೇ ಹಾಕಬಹುದಾ?

ಲೇತ್ ಮೇಷ್ಟ್ರು

ಬೇಡ. ಅಡ್ಡ ಒತ್ತಡಕ್ಕೆ ಗುಂಡು ಓಡುವ ಹಾದಿಯಲ್ಲಿ ಗುರುತು ಬಿದ್ದಿರುತ್ತದೆ, ಅದು ಸರಿಹೋಗುವುದಿಲ್ಲ. ಇನ್ನೊಂದು 6204 ತನ್ನಿ, ಕೊನೆಗೆ 2ಆರ್‌ಎಸ್ ಅಂತ ಇರುವುದು. ಎರಡೂ ಕಡೆ ರಬ್ಬರ್ ಸೀಲ್ ಇರುತ್ತದೆ, ನಿಮ್ಮ ಕಡೆಯ ಮಳೆಗೆ ಅದೇ ಬೇಕು. ಝಡ್‌ಝಡ್ ಅಂತ ಇದ್ದರೆ ತಗಡಿನ ಮುಚ್ಚಳ, ನೀರು ತಡೆಯುವುದಿಲ್ಲ. 20, 47, 14 ಮಿ.ಮೀ. ಅಳತೆ ಯಾವ ಕಂಪನಿಯದಾದರೂ ಒಂದೇ. ಬೆಂಗಳೂರಿಗೆ ಬರುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಪಂಪ್‌ಸೆಟ್ ಮೋಟಾರ್ ರಿಪೇರಿಯವರ ಹತ್ತಿರ ಕೇಳಿ, ಅವರೂ ಇಟ್ಟಿರುತ್ತಾರೆ.

ಕೂರಿಸುವಾಗ ಹೊರ ರಿಂಗಿನ ಮೇಲೆ ಮಾತ್ರ ಹೊಡೆಯಬೇಕು. ಒಳ ರಿಂಗಿಗೆ ಹೊಡೆದರೆ ಹೊಸದನ್ನು ಕೈಯಾರೆ ಕೆಡಿಸಿದಂತೆ. ಹಳೇ ಬೇರಿಂಗ್ ಇದೆಯಲ್ಲ, ಅದರ ಹೊರ ರಿಂಗನ್ನೇ ಮೇಲಿಟ್ಟು ಹೊಡೆಯಿರಿ. ಅಂಚನ್ನು ಮೊದಲೇ ಗ್ರೈಂಡರಿನಲ್ಲಿ ಚೂರು ಸವೆಸಿಕೊಳ್ಳಿ, ಇಲ್ಲದಿದ್ದರೆ ಅದೂ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಕೂರುವಾಗ ಸದ್ದು ಬದಲಾಗುತ್ತದೆ, ಡಬ್ ಡಬ್ ಹೋಗಿ ಟಿಣ್ ಅಂದಾಗ ತಳ ಮುಟ್ಟಿದೆ ಅಂತ. ಆಮೇಲೆ ಬುಷ್ಷನ್ನು ಹಬ್ ಕಡೆಯಿಂದ ತಳ್ಳಿ, ಅಗಲ ಅಂಚು ಹಬ್ಬಿನ ಕಡೆಗೇ ಇರಲಿ.

ಆಕ್ಸಲ್ ಹಾಕಿ, ಚೈನ್ ಹಾಕುವ ಮೊದಲೇ ನಟ್ ಒಮ್ಮೆ ಪೂರ್ತಿ ಬಿಗಿ ಮಾಡಿ ಚಕ್ರ ತಿರುಗಿಸಿ. ಹಿಡಿಯಬಾರದು. ಹಿಡಿದರೆ ಮುಂದೆ ಹೋಗಬೇಡಿ. ಸರಿಯಿದ್ದರೆ ಚೈನ್ ಹಾಕಿ. ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ಸ್ವಿಂಗ್ ಆರ್ಮಿನ ಗೀಟುಗಳನ್ನು ನಾನು ನಂಬುವುದಿಲ್ಲ. ಸ್ವಿಂಗ್ ಆರ್ಮ್ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಕಡೆ ಟೇಪ್ ಹಿಡಿದು ಸಮ ಮಾಡಿ.

ಎರೆಮಣ್ಣು ಎಕ್ಸ್‌ಪ್ರೆಸ್

ಅವರ ಹೊಸ ಚೈನ್ ಏನಾಯಿತು ಮತ್ತೆ? ಒಂದು ಕಡೆ ಉಜ್ಜಿದೆ ಅಂದಿದ್ದರು.

ಲೇತ್ ಮೇಷ್ಟ್ರು

ಅಳೆದು ನೋಡಲಿ. ಇದು 428 ಚೈನ್ ಆಗಿದ್ದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿ.ಮೀ. ಎಳೆದು ಹಿಡಿದು 20 ಕೊಂಡಿ ಅಳೆದರೆ ಹೊಸದರಲ್ಲಿ 254 ಮಿ.ಮೀ. ಬರುತ್ತದೆ. 259ರ ಹತ್ತಿರ ಬಂದರೆ ತೆಗೆಯುವುದೇ. ಉಜ್ಜಿದ್ದು ಬರೀ ಬಣ್ಣ, ಮೇಲ್ಮೈ ಆಗಿದ್ದರೆ, ಸ್ಪ್ರಾಕೆಟ್ ಹಲ್ಲು ಒಂದು ಕಡೆ ಚೂಪಾಗದಿದ್ದರೆ ಓಡಿಸಲಿ.

ಶರಾವತಿ ಸವಾರ

ಅಳೆದೆ, 254 ದಾಟಿದ್ದೇ ಗೊತ್ತಾಗುವುದಿಲ್ಲ. ಅದೇ ಚೈನ್ ಇಟ್ಟೆ.

ಬೇರಿಂಗ್, ಬುಷ್ ಹಾಕಿ ಜೋಡಿಸಿದ್ದಾಯಿತು. ನಟ್ ಪೂರ್ತಿ ಬಿಗಿ, ಚಕ್ರ ಆರಾಮಾಗಿ ತಿರುಗುತ್ತದೆ. ತಂತಿ ಕಟ್ಟಿ ಮತ್ತೆ ನೋಡಿದೆ, ಸ್ಪ್ರಾಕೆಟ್ ವಾಲುವುದು ಕಣ್ಣಿಗೆ ಕಾಣುವುದೇ ಇಲ್ಲ. ಇಕ್ಕೇರಿವರೆಗೆ ಹೋಗಿ ಬಂದೆ. ಕಟಕಟವೂ ಇಲ್ಲ, ಸರಸರವೂ ಇಲ್ಲ. ಬಂದ ಮೇಲೆ ಕಪ್ಲಿಂಗ್ ಮಧ್ಯೆ ಮುಟ್ಟಿ ನೋಡಿದೆ, ಬಿಸಿಯೂ ಆಗಿಲ್ಲ. ಗ್ಯಾರೇಜಿನವರು ಬೇರಿಂಗಿನ ದುಡ್ಡು ಅವರೇ ಕೊಟ್ಟರು.

ಬೋಲ್ಟ್ ಬಸಪ್ಪ

ಒಂದು ಡೌಟು ಮೇಷ್ಟ್ರೇ. ಗುಜರಿಯಲ್ಲಿ ಆ ಬುಷ್ ಸಿಗದೇ ಹೋಗಿದ್ದರೆ? ಲೇತಿನಲ್ಲಿ ಮಾಡಿಸಬಹುದಿತ್ತಾ?

ಲೇತ್ ಮೇಷ್ಟ್ರು

ಮೊದಲು ಕಂಪನಿಯದೇ ಆರ್ಡರ್ ಮಾಡಿ, ಸಣ್ಣ ಪಾರ್ಟು, ಸಿಗುತ್ತದೆ. ಆ ಬುಷ್ಷಿನ ಉದ್ದವೇ ಸ್ಪ್ರಾಕೆಟ್ ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡುತ್ತದೆ. ಒಂದು ಮಿ.ಮೀ. ಉದ್ದವಾದರೆ ಸ್ಪ್ರಾಕೆಟ್ ಅಷ್ಟು ಹೊರಗೆ ಹೋಗಿ ಚೈನ್ ಲೈನ್ ತಪ್ಪುತ್ತದೆ. ಗಿಡ್ಡವಾದರೆ ಕಪ್ಲಿಂಗ್ ಹಬ್ಬಿಗೆ ಉಜ್ಜುತ್ತದೆ. ಹಾಗಾಗಿ ಬರೀ ಬೇರಿಂಗ್ ಹಿಡಿದುಕೊಂಡು ಬಂದು "ಇದಕ್ಕೊಂದು ಬುಷ್ ಮಾಡಿಕೊಡಿ" ಅಂದರೆ ನಾನು ಮಾಡುವುದಿಲ್ಲ. ಹಳೇ ಬುಷ್ ಸವೆದದ್ದಾದರೂ ಸರಿ, ಅದೇ ಬೈಕಿನ ಇನ್ನೊಬ್ಬರದಾದರೂ ಸರಿ, ಸ್ಯಾಂಪಲ್ ಬೇಕು. ಇಎನ್8 ಕಬ್ಬಿಣದಲ್ಲಿ ಮಾಡಿಸಿ. ಅಲ್ಯೂಮಿನಿಯಂ ಬೇಡ, ನಟ್ಟಿನ ಒತ್ತಡಕ್ಕೆ ಅದು ಅಮುಕಿಕೊಳ್ಳುತ್ತದೆ. ಎರಡು ಮುಖವೂ ಒಂದಕ್ಕೊಂದು ನೇರ ಇವೆಯಾ ಅಂತ ಅಲ್ಲೇ ನಿಂತು ನೋಡಿಕೊಂಡು ತಗೊಳ್ಳಿ.